ಕಂಬಳಿಯ ಹಿಂದಿನ ಕೈ

ಸರಾಫ ವಿರೂಪಾಕ್ಷಪ್ಪನವರು ಒಮ್ಮೆಲೇ ಮರೆಯಾದವರಲ್ಲ, ಕಂತಿನ ಮೇಲೆ ಮರೆಯಾದರು. ಮೊದಲು ಮಾತು ಹೋಯಿತು, ಆಮೇಲೆ ಮುಖ ಹೋಯಿತು, ಆಮೇಲೆ ಕೆಮ್ಮು ಹೋಯಿತು. ಕಡೆಗೆ ಕೊಪ್ಪಳದ ಪೇಟೆಗೆ ಅವರದೆಂದು ಉಳಿದದ್ದು ಒಂದು ಬಲಗೈ. ಆ ಕೈಯೂ ಅವರದಲ್ಲ ಎಂಬುದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ಅಂಗಡಿಯ ಗುಮಾಸ್ತ ಈಶಪ್ಪನಿಗೆ, ಮತ್ತು ಆ ಕೈಯ ಒಡತಿ ಗುರುಲಿಂಗಮ್ಮನಿಗೆ.

ಗುರುಲಿಂಗಮ್ಮ ಬೇವೂರಿನ ಕಾಳಿನ ವ್ಯಾಪಾರಿಯ ಮಗಳು. ಅವಳನ್ನು ವಿರೂಪಾಕ್ಷಪ್ಪನವರಿಗೆ ಕೊಡುವಾಗ ಬಂಗಾರ ಎಷ್ಟು ತೊಲೆ, ಉಡುಗೊರೆ ಎಷ್ಟು ಎಂಬುದನ್ನು ಬೀಗರಿಬ್ಬರೂ ಹೆಗಲ ಮೇಲಿನ ವಲ್ಲಿ ಬಟ್ಟೆಯ ಕೆಳಗೆ ಬೆರಳು ಹಿಡಿದೇ ಮುಗಿಸಿದ್ದರು. ಆದ್ದರಿಂದ ತನ್ನ ಬೆಲೆ ಎಷ್ಟಕ್ಕೆ ನಿಂತಿತು ಎಂಬುದು ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕೇಳಿದರೆ ಅವಳ ಅಪ್ಪ, 'ಛಲೋ ದರಕ್ಕ ಹೋದಿ, ಸುಮ್ನಿರು' ಎಂದು ನಕ್ಕುಬಿಡುತ್ತಿದ್ದ.

ಆ ಕಾಲಕ್ಕೆ ನಮ್ಮ ಸೀಮೆಯಲ್ಲಿ ಎರಡು ರೂಪಾಯಿ ನಡೆಯುತ್ತಿದ್ದವು. ನಿಜಾಮರ ಹಾಲಿ ಸಿಕ್ಕಾ ಒಂದು, ಗದಗ, ಹೊಸಪೇಟೆಯ ಕಡೆ ನಡೆಯುವ ಇಂಗ್ರೇಜಿ ಕಲ್ದಾರ ಇನ್ನೊಂದು. ರೈಲು ನಾಲ್ಕು ಸ್ಟೇಷನ್ ದಾಟಿದರೆ ರೂಪಾಯಿಯ ಜಾತಿಯೇ ಬದಲಾಗುತ್ತಿತ್ತು. ನೂರು ಕಲ್ದಾರಿಗೆ ನೂರಾ ಹದಿನೈದು ಹಾಲಿ ಎಂಬುದು ಕೂಸಿಗೂ ಗೊತ್ತು. ಅದರ ಮೇಲೆ ಇವತ್ತು ಎಷ್ಟು ಹೆಚ್ಚು ಎಂಬುದು ಮಾತ್ರ, ಒಂದನ್ನು ಇನ್ನೊಂದಕ್ಕೆ ಬದಲಿಸಿ ಕೊಡುತ್ತಿದ್ದ ವಿರೂಪಾಕ್ಷಪ್ಪನವರಿಗೆ ಗೊತ್ತು. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಪೆಟ್ಟಿಗೆ ಅವರದೆಂದು ಪ್ರತೀತಿ. ಅವರು ಕಟ್ಟಿದ ದರವನ್ನೇ ಉಳಿದ ಸರಾಫರೂ ಕಟ್ಟುತ್ತಿದ್ದರು. ಗಂಗಾವತಿಯ ಅಕ್ಕಿ, ಯಲಬುರ್ಗಿಯ ಹತ್ತಿ, ಕುಷ್ಟಗಿಯ ಜೋಳ ಎಲ್ಲವೂ ಆ ದರದ ಬಾಲ ಹಿಡಿದು ನಡೆಯುತ್ತಿದ್ದವು.

ದರ ಹೇಳುವ ಪದ್ಧತಿ ಹೀಗಿತ್ತು. ಬೆಳಗಿನ ಗದಗದ ರೈಲು ಬಂದು ಹೋದ ಮೇಲೆ ದಲಾಲ ಅಂದಪ್ಪ ಬಂದು ಸರಾಫರ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಇಬ್ಬರ ಕೈಯ ಮೇಲೂ ಒಂದು ವಲ್ಲಿ ಬೀಳುತ್ತಿತ್ತು. ಒಳಗೆ ಸರಾಫರು ಅಂದಪ್ಪನ ಎಷ್ಟು ಬೆರಳು ಹಿಡಿದು ಒತ್ತಿದರೋ ಅಷ್ಟು ರೂಪಾಯಿ ಆವತ್ತಿನ ಹೆಚ್ಚಳ. ಅಂದಪ್ಪ ಎದ್ದು ಹೋಗಿ ಉಳಿದ ದಲಾಲರಿಗೆ ಅದೇ ರೀತಿ ಬೆರಳು ಮುಟ್ಟಿಸುತ್ತಿದ್ದ. ದರವನ್ನು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಪೇಟೆಗೆ ಕೇಡು ಎಂದು ನಂಬಿಕೆ. ಕೂಲಿಯ ಕಲ್ದಾರ ತಂದ ಬಡವರಿಗೆ ಈಶಪ್ಪ ಎಣಿಸಿ ಕೊಟ್ಟದ್ದೇ ದರ.

ದರ ಯಾಕೆ ಏರಿತು, ಯಾಕೆ ಇಳಿಯಿತು ಎಂದು ವಿರೂಪಾಕ್ಷಪ್ಪನವರು ಎಂದೂ ಹೇಳಲಿಲ್ಲ. ಹೇಳದಿದ್ದರೆ ಜನ ಸುಮ್ಮನಿರುತ್ತಾರೆಯೇ? ಅವರ ಮುಖ ಓದತೊಡಗಿದರು. ಒಮ್ಮೆ ಕಣ್ಣಿಗೆ ಧೂಳು ಬಿದ್ದು ಹುಬ್ಬು ಮೇಲೆ ಹೋದದ್ದಕ್ಕೆ ಕುಷ್ಟಗಿಯವರು ಎರಡು ದಿನ ಕಲ್ದಾರ ಕೊಂಡು ಒಟ್ಟಿದರು. ಅದನ್ನು ಕೇಳಿ ಸರಾಫರು ತಮ್ಮ ಗಾದಿಯ ಮುಂದೆ ಕರಿ ಕಂಬಳಿ ತೂಗುಹಾಕಿಸಿದರು. ಕೈ ಮಾತ್ರ ಅದರ ಕೆಳಗಿನಿಂದ ಬರಬೇಕು. ಆಮೇಲೆ ಜನ ಕೆಮ್ಮು ಓದಿದರು. ಅದಕ್ಕೆ ಸರಾಫರು ಬಾಯಲ್ಲಿ ಲವಂಗ ಇಟ್ಟುಕೊಂಡರು.

"ಸಾವ್ಕಾರ್ರು ಇವತ್ತು ಲವಂಗ ಹಾಕ್ಯಾರ," ಎಂದು ಅಂದಪ್ಪ ಮೂಗು ಏರಿಸಿ ಪೇಟೆಯಲ್ಲಿ ಹೇಳಿದ. "ಏನೋ ಐತಿ ಬಿಡ್ರಿ."

ಆವತ್ತು ಲವಂಗದ ಬೆಲೆಯೂ ಏರಿತು.

ಎರಡನೆಯ ದೊಡ್ಡ ಯುದ್ಧ ಶುರುವಾದ ವರ್ಷ ದಸರೆಯ ಹಿಂದೆ ಮುಂದೆ, ಒಂದು ಮುಂಜಾನೆ, ವಿರೂಪಾಕ್ಷಪ್ಪನವರಿಗೆ ಲಕ್ವಾ ಹೊಡೆಯಿತು. ಗುರುಲಿಂಗಮ್ಮ ಮಜ್ಜಿಗೆ ಹಿಡಿದು ಕಂಬಳಿಯ ಹಿಂದಿನ ನಡುಮನೆಗೆ ಬಂದರೆ ಗಂಡ ಗಾದಿಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಾರೆ. ಕಣ್ಣು ತೆರೆದಿದೆ. ಬಾಯಿ ಒಂದು ಕಡೆ ಜಾರಿದೆ. ಅವಳು ಕೂಗಬೇಕೆಂದು ಬಾಯಿ ತೆರೆದಾಗ ಕಂಬಳಿಯ ಕೆಳಗಿನಿಂದ ಒಂದು ಕೈ ಒಳಗೆ ಬಂತು. ಅಂಗೈ ಮೇಲಾಗಿ, ಬೆರಳು ಅಗಲಿಸಿ, ನೆಲದ ಮೇಲೆ ಕಾಯುತ್ತ ಮಲಗಿತು. ಅಂದಪ್ಪನ ಕೈ ಎಂದು ಗೊತ್ತು. ಗೊತ್ತಿದ್ದರೂ ಮೈಯಿಲ್ಲದೆ ಒಂದು ಕೈ ಮನೆಯೊಳಗೆ ಬಂದು ಏನನ್ನೋ ಬೇಡುತ್ತ ಬಿದ್ದಿರುವುದನ್ನು ನೋಡಿ ಅವಳು ತೆರೆದ ಬಾಯಿ ಮುಚ್ಚಿದಳು.

ಕೈ ಒಂದು ಸಲ ಬೆರಳು ಆಡಿಸಿತು.

ಅವಳು ಬಳೆಗಳನ್ನು ಮೊಣಕೈವರೆಗೆ ಸರಿಸಿ, ಸೆರಗಿನಿಂದ ಬಿಗಿದು, ಅದರ ಮೂರು ಬೆರಳು ಹಿಡಿದು ಒತ್ತಿದಳು. ನಿನ್ನೆಯ ದರ ಮೂರು ಎಂದು ಈಶಪ್ಪ ಹೇಳಿದ್ದು ಕಿವಿಯಲ್ಲಿತ್ತು. ಕೈ ಹಿಂದಕ್ಕೆ ಹೋಯಿತು. ಹೊರಗೆ ಪೇಟೆ ಶುರುವಾದ ಸದ್ದು ಕೇಳಿತು.

"ಅವ್ವಾರ, ಇದು ಹೊರಗ ಗೊತ್ತಾದ್ರ ಸಂಜಿ ಒಳಗ ನಮ್ಮ ಪೆಟ್ಟಿಗಿ ಖಾಲಿ," ಎಂದ ಈಶಪ್ಪ. "ಸಾವ್ಕಾರ್ರು ಏಳೂ ಮಟ ನೀವ ನಡಸ್ರಿ."

"ನಾ ಏನು ಬಲ್ಲೆ, ಈಶಪ್ಪ?"

"ಅವರೂ ಏನು ಬಲ್ರು ಅಂತ ನನಗ ಇಪ್ಪತ್ತು ವರ್ಷದಾಗ ತಿಳದಿಲ್ಲ."

ಮರುದಿನ ಅವಳು ಬಲಗೈಗೆ ಎಣ್ಣೆ ಹಚ್ಚಿ ಹಸಿರು ಬಳೆಗಳನ್ನು ತೆಗೆದಳು. ಬೀಸುಕಲ್ಲು ತಿರುವಿ ಬಿರುಸಾದ ಕೈ, ಬೆರಳಿಗೆ ಗಂಡನ ಉಂಗುರ ಹಾಕಿದರೆ ಸಾಕಾಯಿತು. ಎಡಗೈ ಮುತ್ತೈದೆಯದು, ಬಲಗೈ ಯಾರದೋ. ಜಳಕ ಮಾಡುವಾಗ ಅದು ಮೈ ಮುಟ್ಟಿದರೆ ಪರರು ಮುಟ್ಟಿದಂತಾಗುತ್ತಿತ್ತು. ಕೆಲಸದವಳನ್ನು ಬಿಡಿಸಿದಳು. ಮಕ್ಕಳಿರಲಿಲ್ಲ, ಕೇಳುವವರೂ ಇರಲಿಲ್ಲ. ಔಷಧಿ ಗದಗಿನಿಂದ ಬಂತು, ಈಶಪ್ಪನ ಮೊಣಕಾಲು ನೋವಿನ ಹೆಸರಿನಲ್ಲಿ. ಸಾವುಕಾರರಿಗೆ ಕಣ್ಣು ಬೇನೆ, ಬೆಳಕಿಗೆ ಬರುವುದಿಲ್ಲ ಎಂದು ಈಶಪ್ಪ ಸುದ್ದಿ ಬಿಟ್ಟ. ವರ್ಷಗಟ್ಟಲೆ ಅವರನ್ನು ನೋಡಿರದ ಪೇಟೆ ಅದನ್ನು ಸಲೀಸಾಗಿ ನಂಬಿತು.

ಮೊದಮೊದಲು ಅವಳು ಗಂಡನನ್ನೇ ಕೇಳುತ್ತಿದ್ದಳು. "ಏನ್ರಿ, ಇವತ್ತು ಎರಡೋ ಮೂರೋ?" ಎಂದರೆ ಅವರು ರೆಪ್ಪೆ ಬಡಿಯುತ್ತಿದ್ದರು. ಆಮೇಲೆ ಅದೂ ನಿಂತಿತು. ಗದಗದ ರೈಲಿನಲ್ಲಿ ಕಲ್ದಾರ ಎಷ್ಟು ಬಂತು, ರಾಯಚೂರಿನ ಕಡೆಯಿಂದ ಹಾಲಿ ಎಷ್ಟು ಬಂತು ಎಂದು ಈಶಪ್ಪನಿಂದ ಕೇಳಿ ತಾನೇ ಒಂದು ಅಂದಾಜು ಕಟ್ಟಿ ಒತ್ತತೊಡಗಿದಳು. ಅಂದಾಜು ತಪ್ಪಿದರೆ ಯಾರಾದರೂ ಬಂದು ಬೈಯುತ್ತಾರೆ ಎಂದು ಕಾದಳು. ಯಾರೂ ಬರಲಿಲ್ಲ. ಬದಲಿಗೆ, ಪೇಟೆಯ ವೇಳೆಗೆ ಸರಿಯಾಗಿ, ಒಳಗೆ ಹಾಸಿಗೆಯ ಮೇಲೆ ಗಂಡನ ಸತ್ತ ಬಲಗೈಯ ಬೆರಳುಗಳು ಮಡಚಿಕೊಳ್ಳುವುದನ್ನು ಕಂಡಳು. ಅವಳು ಎರಡು ಒತ್ತಿದ ದಿನ ಎರಡು. ಮೂರು ಒತ್ತಿದ ದಿನ ಮೂರು. ಅವು ಅವಳ ಹಿಂದೆ ಮಡಚುತ್ತಿದ್ದವೋ ಮುಂದೆ ಮಡಚುತ್ತಿದ್ದವೋ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಆ ಹೊತ್ತಿನಲ್ಲಿ ಅತ್ತ ಬೆನ್ನು ತಿರುಗಿಸಿ ಕೂರುವುದನ್ನು ಕಲಿತಳು.

ಹತ್ತಿಯ ಹಂಗಾಮು ಮುಗಿಯುವ ಹೊತ್ತಿಗೆ ಒಂದು ತಪ್ಪಾಯಿತು. ಮೂರು ಎನ್ನಬೇಕಾಗಿತ್ತು. ಮನಸ್ಸು ಎಲ್ಲೋ ಇತ್ತು. ಹೆಂಗಸರು ಮನೆಯಲ್ಲಿ ಬೆರಳಿನ ಗೆಣ್ಣುಗಳ ಮೇಲೆ ಎಣಿಸುತ್ತಾರಲ್ಲ, ಒಂದು ಬೆರಳಿಗೆ ಮೂರು, ಆ ರೂಢಿಯಲ್ಲಿ ಅಂದಪ್ಪನ ತೋರುಬೆರಳೊಂದನ್ನೇ ಹಿಡಿದು ಮೂರು ಗೆಣ್ಣು ಒತ್ತಿದಳು. ಗಂಡಸರ ಲೆಕ್ಕದಲ್ಲಿ ಅದು ಒಂದು ಬೆರಳು. ಅಂದಪ್ಪ ಒಂದು ಎಂದು ತಿಳಿದು ಎದ್ದು ಹೋದ.

ತಪ್ಪು ತಿಳಿದಾಗ ಪೇಟೆ ನಡೆದುಹೋಗಿತ್ತು. ಮಧ್ಯಾಹ್ನಕ್ಕೆ ಯಲಬುರ್ಗಿಯ ಹತ್ತಿಯ ಬಂಡಿಗಳು ಅರ್ಧ ದಾರಿಯಿಂದ ತಿರುಗಿದವು. ಮರುದಿನ ಗಂಗಾವತಿಯಲ್ಲಿ ಕಲ್ದಾರವನ್ನು ಒಂದರ ಮೇಲೆ ಯಾರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಹೊಸಪೇಟೆಯಿಂದಲೂ ಅದೇ ಸುದ್ದಿ ಬಂತು.

"ಸಾವ್ಕಾರ್ರಿಗೆ ಮೊದಲ ಗೊತ್ತಿತ್ತು ನೋಡ್ರಿ," ಎಂದು ಅಂದಪ್ಪ ಕಂಬಳಿಗೆ ಕೈ ಮುಗಿದ. "ಕಣ್ಣು ಕಾಣದಿದ್ರೂ ಎಲ್ಲಾ ಕಾಣತೈತಿ."

ಅವಳು ಈಶಪ್ಪನನ್ನು ಒಳಗೆ ಕರೆದಳು. "ಅದು ತಪ್ಪೈತಿ. ನಾಳೆ ಮೂರು ಒತ್ತಿ ಸರಿ ಮಾಡ್ತೀನಿ."

ಈಶಪ್ಪ ತಲೆ ಅಲ್ಲಾಡಿಸಿದ. "ಈಗ ಎಲ್ಲಾ ಊರಾಗೂ ಒಂದ ಐತ್ರಿ. ಮೂರು ಅಂದ್ರ ಈಗ ಅದ ತಪ್ಪಾಕ್ಕೈತಿ."

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಬೇವೂರಿನಲ್ಲಿ ಮೈಮೇಲೆ ದೇವರು ಬರುತ್ತಿದ್ದ ಕಳಕಮ್ಮ ಎಂಬ ಹೆಂಗಸು, ತಾನು ಏನು ನುಡಿದೆ ಎಂದು ಆಮೇಲೆ ಎಲ್ಲರನ್ನೂ ಕೇಳುತ್ತ ತಿರುಗುತ್ತಿದ್ದುದು ನೆನಪಾಯಿತು. ನುಡಿದದ್ದೆಲ್ಲ ನಡೆದ ವರ್ಷವೇ ಅವಳಿಗೆ ಹುಚ್ಚು ಹಿಡಿದದ್ದು.

ಎರಡು ದಿನ ಬಿಟ್ಟು ಹೊಳಿಯಮ್ಮ ಹಿತ್ತಲ ಬಾಗಿಲಿಗೆ ಬಂದಳು. ಹಂಗಾಮಿನಲ್ಲಿ ಗದಗದ ಹತ್ತಿ ಜಿನ್ನಿನ ಗಿರಣಿಗೆ ಹೋಗಿ ಕಾಳು ಬಿಡಿಸುವ ಕೂಲಿಯವಳು. ಕೂದಲಲ್ಲಿ ಇನ್ನೂ ಅರಳೆಯ ಎಳೆ ಇತ್ತು.

"ಎವ್ವಾ, ಹ್ವಾದ ವಾರ ನಮ್ಮ ಓಣಿ ಹುಲಗಮ್ಮಗ ಹೆಚ್ಚು ಕೊಟ್ಟಾರ. ಅಷ್ಟ ಕಲ್ದಾರಕ್ಕ ಇವತ್ತು ನನಗ ಕಡಿಮಿ ಕೊಡ್ತೀವಿ ಅಂತಾರ. ನಾ ಮುಟ್ಟಿದ ರೊಕ್ಕ ಅಂತ ಏನರ ಕಡಿಮಿ ಆಗೈತೇನು?"

"ದರ ಇಳದೈತಿ, ಹೊಳಿಯವ್ವ."

"ಯಾಕ ಇಳೀತು?"

ಗುರುಲಿಂಗಮ್ಮ ಮಜ್ಜಿಗೆಯ ಚರಿಗೆ ಮುಂದೆ ಮಾಡಿದಳು. ಹೊಳಿಯಮ್ಮ ಅದನ್ನು ಮುಟ್ಟಲಿಲ್ಲ.

"ಹತ್ತಿ ಇಳದ್ರ ಮಳಿ ಜಾಸ್ತಿ ಆತು ಅಂತಾರ, ಜ್ವಾಳ ಏರಿದ್ರ ಹುಳ ಬಿತ್ತು ಅಂತಾರ. ಇದು ಯಾಕ ಇಳೀತು?"

"ನಮ್ಮವರಿಗೆ ಗೊತ್ತು."

"ಅವರು ಯಾರಿಗೆ ಹೇಳ್ತಾರ?"

"ಯಾರಿಗೂ ಹೇಳಂಗಿಲ್ಲ."

"ಹಂಗಾರ ದೆವ್ವಕ್ಕೂ ಅವರಿಗೂ ಏನು ಫರಕು, ಎವ್ವಾ? ದೆವ್ವಾನೂ ಹಿಂಗ. ಬಡೀತೈತಿ, ಯಾಕ ಅಂತ ಹೇಳಂಗಿಲ್ಲ." ಹೊಳಿಯಮ್ಮ ಮೂರು ಹತ್ತರ ಕಲ್ದಾರ ನೋಟುಗಳನ್ನು ಸೆರಗಿನ ಗಂಟಿಗೆ ಮರಳಿ ಕಟ್ಟಿದಳು. "ಏರಿದ ಮ್ಯಾಲೆ ಬರ್ತೀನಿ ತಗೋರಿ. ಯಾವಾಗ ಏರತೈತಿ ಅಂತ ಕೇಳಾಂಗಿಲ್ಲಲ್ಲ."

ಅವಳು ಹೋದ ಮೇಲೆ ಗುರುಲಿಂಗಮ್ಮ ಒಲೆಯ ಮುಂದೆ ಬಹಳ ಹೊತ್ತು ಕೂತಳು. ಕಂಬಳಿ ಸರಿಸಿ ನಿಜ ಹೇಳಿದರೆ ಅಂಗಡಿ ಮುಳುಗುತ್ತದೆ, ಹಾಸಿಗೆ ಹಿಡಿದ ಗಂಡನ ಔಷಧಿಗೂ ಗತಿಯಿರುವುದಿಲ್ಲ. ಹೇಳದಿದ್ದರೆ ತನ್ನ ಗೆಣ್ಣಿನ ತಪ್ಪು ಇನ್ನೊಬ್ಬರ ಕೂಲಿ ತಿನ್ನುತ್ತದೆ, ತಿಂದದ್ದು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಹೇಳದಿರುವುದೇ ಸುಲಭವಾಗಿತ್ತು. ಸುಲಭವಾದದ್ದನ್ನೇ ಇನ್ನೂ ಕೆಲವು ವಾರ ಮಾಡಿದಳು.

ಮುಂಗಾರು ಇನ್ನೂ ಬಿದ್ದಿರಲಿಲ್ಲ. ಒಂದು ಮುಂಜಾನೆ ರೈಲಿನಿಂದ ಇಳಿದವರು ಸುದ್ದಿ ತಂದರು: ಫ್ರಾನ್ಸು ಬಿತ್ತಂತೆ, ಇನ್ನು ಇಂಗ್ರೇಜಿ ನೋಟು ರದ್ದಿಯಂತೆ, ಬೆಳ್ಳಿಯ ಹಾಲಿ ರೂಪಾಯಿ ಇಟ್ಟುಕೊಂಡವನೇ ಉಳಿಯುವವನಂತೆ. ಕೈಯಲ್ಲಿ ನೋಟಿದ್ದವರೆಲ್ಲ ಸರಾಫರ ಕೈ ಏನು ಹೇಳುತ್ತದೆ ಎಂದು ಕಾದರು. ಎಂದಿನಂತೆ ಅಂದಪ್ಪ ಬಂದು ಕೂತು ಕೈ ತೂರಿಸಿದ. ಗುರುಲಿಂಗಮ್ಮ ಅದರ ಒಂದು ಬೆರಳಿಗೆ ತನ್ನ ಬೆರಳು ತಾಗಿಸಿದಳು, ಅಷ್ಟೇ. ಹಿಂದಿನಿಂದ ಒಂದು ದನಿ ಬಂತು.

ದಸರೆಯಿಂದ ಆ ಬಾಯಿಂದ ಬಂದ ಮೊದಲ ದನಿ. ಮಾತಲ್ಲ. ತುಂಬಿದ ಕೊಡದೊಳಗೆ ಯಾರೋ ಕರೆದಂತೆ. ಅವಳು ಕೈ ಕಿತ್ತುಕೊಂಡು ತಿರುಗಿದಳು. ಗಂಡನ ಕಣ್ಣು ಅವಳ ಮೇಲಿತ್ತು. ಅವರ ಬಲಗೈ ಚಪ್ಪಟೆಯಾಗಿ ತೆರೆದುಕೊಂಡಿತ್ತು, ಒಂದು ಬೆರಳೂ ಮಡಚಿರಲಿಲ್ಲ.

ಕಂಬಳಿಯ ಕೆಳಗೆ ಅಂದಪ್ಪನ ಕೈ ಅತ್ತ ಇತ್ತ ತಡಕಿತು. ನೆಲ ತಡವಿತು. ಬರೀ ಗಾಳಿ ಹಿಡಿಯಿತು. ಸರ್ರನೆ ಹಿಂದಕ್ಕೆ ಹೋಯಿತು.

"ಒಳಗ ಕೈ ಇಲ್ಲ," ಎಂದ ಅಂದಪ್ಪ.

ಆ ಜಾಗದಲ್ಲಿ ದರದ ವೇಳೆಗೆ ಯಾರಾದರೂ ಬಾಯಿಬಿಟ್ಟು ಹೇಳಿದ ಮೊದಲ ಮಾತು ಅದು. ತಕ್ಕಡಿ ತೂಗುತ್ತಿದ್ದವನು ತಕ್ಕಡಿ ಹಿಡಿದೇ ನಿಂತ. ಬೆಳಗಿನ ಬಿಸಿಲಿನಲ್ಲಿಯೇ ಒಂದೊಂದೇ ಅಂಗಡಿಯ ಹಲಗೆ ಬೀಳುವ ಸದ್ದು ಬಂತು. ಆಮೇಲೆ ಕಾಲಿನ ಸದ್ದು. ಕೂಗಿಲ್ಲ, ಬೈಗುಳವಿಲ್ಲ, ನೂರಾರು ಕಾಲು ಮಾತಿಲ್ಲದೆ ಸರಾಫರ ಕಟ್ಟೆಯ ಕಡೆ ಬರುವ ಸದ್ದು.

ಈಶಪ್ಪ ಒಳಗೆ ಓಡಿ ಬಂದ. "ಅವ್ವಾರ, ಅಂದಪ್ಪನ್ನ ಮತ್ತ ಕೂಡಸ್ತೀನಿ. ಐದು ಒತ್ತಿ ಬಿಡ್ರಿ. ನೋಟು ಗಟ್ಟಿ ಐತಿ ಅಂತ ಪ್ಯಾಟಿ ನಂಬತೈತಿ."

"ನಂಬತೈತಿ. ಅದಕ್ಕ ಅಂಜಿಕಿ," ಎಂದಳು ಗುರುಲಿಂಗಮ್ಮ. "ಐದು ಅಂದ್ರ ದಲಾಲರು ಗಂಟು ತಂದು ಮೊದಲು ನಿಲ್ತಾರ. ಪೆಟ್ಟಿಗ್ಯಾಗ ಎಷ್ಟೈತಿ ಅಂತ ನಿನಗ ಗೊತ್ತೈತಿ. ಹಿಂದ ನಿಂತವರಿಗೆ ಏನು ಕೊಡ್ತಿ?"

"ಬಾಗಲಾ ಹಾಕ್ಲ್ಯಾ?"

"ತಗೀ. ಇಡೀ ತಗೀ."

ಅವಳು ಎದ್ದು ಕಂಬಳಿಯನ್ನು ಗೂಟದಿಂದ ಕಿತ್ತು ಕೆಳಗೆ ಬಿಟ್ಟಳು. ವರ್ಷಗಳ ಧೂಳು ಎದ್ದಿತು. ಧೂಳು ಇಳಿದಾಗ ಜನಕ್ಕೆ ಕಂಡದ್ದು ಸರಾಫರ ಗಾದಿಯ ಮೇಲೆ ಒಬ್ಬ ಹೆಂಗಸು, ಒಂದು ಕೈ ತುಂಬ ಬಳೆ, ಇನ್ನೊಂದು ಕೈ ಬರಿದು. ಅವಳ ಹಿಂದೆ ಹಾಸಿಗೆಯ ಮೇಲೆ ಬಿಳಿ ಗಡ್ಡ ಬೆಳೆದ ಒಬ್ಬ ಮುದುಕ, ರೆಪ್ಪೆ ಬಡಿಯದೆ ಅವರನ್ನೇ ನೋಡುತ್ತಿದ್ದ. ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದರು.

"ಈ ಕೈ ನಂದು," ಎಂದಳು. ಬರಿದಾದ ಬಲಗೈಯನ್ನು ಎತ್ತಿ ತೋರಿಸಿದಳು. "ದಸರಾದಿಂದ ನಂದ. ಅವರಿಗೆ ಲಕ್ವಾ ಹೊಡದೈತಿ. ಹಂಗಾಮಿನಾಗ ದರ ಒಂದಕ್ಕ ಬಿತ್ತಲ್ಲ, ಅದು ನಾ ಮೂರು ಅನ್ನಾಕ ಹೋಗಿ ತಪ್ಪು ಒತ್ತಿದ್ದು."

ಅಂದಪ್ಪ ತನ್ನ ಬಲಗೈಯನ್ನು ಧೋತರಕ್ಕೆ ಒರೆಸಿಕೊಂಡ. "ಅಕ್ಕಾರ, ಇಷ್ಟು ದಿನ ನಾ ನಿಮ್ಮ ಕೈ ಹಿಡಿದೀನಿ?"

"ನಾ ನಿನ್ನ ಬೆರಳು ಹಿಡಿದೀನಿ, ಅಂದಪ್ಪ. ನಿನ್ನ ಹೆಂಡ್ತಿಗೆ ಹಂಗ ಹೇಳು."

ಯಾರೋ ಹಿಂದೆ ಕಿಸಕ್ಕೆಂದರು. ನಗು ಅಲ್ಲಿಯೇ ಸತ್ತಿತು. ಈಶಪ್ಪ ಪೆಟ್ಟಿಗೆಯನ್ನು ಎಳೆದು ತಂದು ಮುಚ್ಚಳ ತೆಗೆದ. ಪೇಟೆಯ ಕಣ್ಣೆಲ್ಲ ಅದರೊಳಗೆ ಬಿತ್ತು. ಇಪ್ಪತ್ತು ವರ್ಷ ಎಲ್ಲರೂ ಮನಸ್ಸಿನಲ್ಲಿ ತುಂಬಿಸಿದ ಪೆಟ್ಟಿಗೆ ಅದು. ಅದರ ತಳದಲ್ಲಿ ಮೊಣಕೈ ಆಳದಷ್ಟೂ ಬೆಳ್ಳಿ ಇರಲಿಲ್ಲ.

"ಇಷ್ಟೇನಾ?" ಎಂದರು ಯಾರೋ, ಮೆಲ್ಲಗೆ.

"ಇವತ್ತು ಇಷ್ಟ. ರಾಯಚೂರಿಂದ ಶುಕ್ರವಾರದ ರೈಲಿಗೆ ಇನ್ನೊಂದು ಪೆಟ್ಟಿಗಿ ಬರೂದೈತಿ, ಬಂದ್ರ ಇಲ್ಲೇ ಎಲ್ಲಾರ ಮುಂದ ತಗೀತೀನಿ. ಇವತ್ತಿನ ದರ ನೂರಕ್ಕ ನೂರಾ ಹದಿನಾರು. ಯಾಕ ಅಂದ್ರ ಗದಗದಿಂದ ನೋಟು ಭಾಳ ಬಂದಾವ, ಹಾಲಿ ಕಡಿಮಿ ಐತಿ. ಬ್ಯಾರೆ ಏನೂ ಕಾರಣ ಇಲ್ಲ. ಸಣ್ಣ ಗಂಟಿನವರು ಮೊದಲು ಬರ್ರಿ."

ಅಂದಪ್ಪ ಬಗಲಿನಿಂದ ದೊಡ್ಡ ಗಂಟೊಂದನ್ನು ಮುಂದೆ ಇಟ್ಟ. "ನಾ ದಿನಾ ಮೊದಲು ಕುಂದ್ರಾಂವ. ಇದು ಮೊದಲು."

"ಯಾರ ನೋಟು, ಅಂದಪ್ಪ?"

"ಅದನ್ನ ಹೇಳಂಗಿಲ್ರಿ. ವ್ಯಾಪಾರದ ಗುಟ್ಟು."

"ನಾ ನನ್ನ ಗುಟ್ಟು ಹೇಳೀನಿ. ಗಂಡನ್ನ ತೋರ್ಸೀನಿ, ಪೆಟ್ಟಿಗಿ ತೋರ್ಸೀನಿ. ನೀ ಒಂದು ಹೆಸರು ಹೇಳು."

ಅಂದಪ್ಪ ಸುತ್ತ ನೋಡಿದ. ಗಂಟಿನ ಒಡೆಯರು ಆ ಗುಂಪಿನಲ್ಲಿಯೇ ಎಲ್ಲೋ ಇದ್ದಿರಬೇಕು, ಯಾರ ತಲೆಯೂ ಏಳಲಿಲ್ಲ. ಅವನು ಗಂಟನ್ನು ಮತ್ತೆ ಬಗಲಿಗೆ ಸೇರಿಸಿದ. "ಶುಕ್ರವಾರ ನೋಡೂಣ ತಗೋರಿ."

ಹೊಳಿಯಮ್ಮ ಜನರ ನಡುವಿನಿಂದ ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿ ಮೂರು ನೋಟು ಇಟ್ಟಳು. ಈಶಪ್ಪ ಪ್ರತಿಯೊಂದು ರೂಪಾಯಿಯನ್ನೂ ಕಲ್ಲಿನ ಮೇಲೆ ಬಾರಿಸಿ, ಬಾಯಿಬಿಟ್ಟು ಎಣಿಸತೊಡಗಿದ. ಅವಳು ಪೆಟ್ಟಿಗೆ ನೋಡಿದಳು, ಹಿಂದಿನ ಸಾಲು ನೋಡಿದಳು, ಗುರುಲಿಂಗಮ್ಮನನ್ನು ನೋಡಿದಳು.

"ನನ್ನ ಕೂಲಿ ತಿಂದ ಕೈ ಇದ ಅನ್ರಿ."

"ಇದ, ಹೊಳಿಯವ್ವ."

"ಗೊತ್ತಾತಲ್ಲ, ಸಾಕು." ಅವಳು ಎರಡು ನೋಟು ತಿರುಗಿ ತೆಗೆದುಕೊಂಡಳು. "ಒಂದ ನೋಟಿಗೆ ಕೊಡ್ರಿ. ಇವು ಶುಕ್ರವಾರಕ್ಕ ಬರ್ತಾವ. ಎಲ್ಲಾ ನಾನ ಒಯ್ದ್ರ ಹಿಂದಿನವರು ನನ್ನ ಮಾರಿ ನೋಡ್ತಾರ."

ಅವಳ ಹಿಂದಿನವನು ಅರ್ಧ ಇಟ್ಟುಕೊಂಡ. ಅವನ ಹಿಂದಿನವನು, ಅವಸರವಿಲ್ಲ, ಶುಕ್ರವಾರ ಬರುತ್ತೇನೆ ಎಂದು ಹೋದ. ಕೆಲವರು ಸುಳ್ಳು ಎಂದು ಗೊಣಗಿ ಎಲ್ಲವನ್ನೂ ಬದಲಿಸಿಕೊಂಡೇ ಹೋದರು. ಸಂಜೆಗೆ ಪೆಟ್ಟಿಗೆಯ ತಳದಲ್ಲಿ ಇನ್ನೂ ಬೆಳ್ಳಿ ಹೊಳೆಯುತ್ತಿತ್ತು. ಶುಕ್ರವಾರದ ರೈಲು ತಡವಾಗಿ ಬಂತು, ಆದರೆ ಬಂತು. ಅಂಗಡಿ ಮುಳುಗಲಿಲ್ಲ.

ಅಂದಿನಿಂದ ಗುರುಲಿಂಗಮ್ಮ ದಿನವೂ ಕಟ್ಟೆಯ ಮೇಲೆ ಕೂತು ದರವನ್ನು ಕೂಗಿ ಹೇಳುತ್ತಿದ್ದಳು, ಕಾರಣದ ಸಮೇತ. ತಪ್ಪಿದ ದಿನ ತಪ್ಪಿದೆ ಎನ್ನುತ್ತಿದ್ದಳು. ದರ ಮೊದಲಿನ ಹಾಗೆ ಕುಣಿಯುವುದನ್ನು ಬಿಟ್ಟಿತು. ಹುಬ್ಬು, ಕೆಮ್ಮು, ಲವಂಗದ ಮೇಲೆ ಬದುಕಿದ್ದ ದಲಾಲರಿಗೆ ಕಸುಬು ತಪ್ಪಿತು. ಅಂದಪ್ಪ ಶೇಂಗಾದ ವ್ಯಾಪಾರಕ್ಕೆ ಇಳಿದು, ಈ ಹೆಂಗಸಿನಿಂದ ಪೇಟೆಯ ರುಚಿಯೇ ಹೋಯಿತು ಎಂದು ಹೇಳುತ್ತ ತಿರುಗಿದ. ವಿರೂಪಾಕ್ಷಪ್ಪನವರು ಆ ಮಳೆಗಾಲ ಮುಗಿಯುವ ಮೊದಲೇ ಲಿಂಗೈಕ್ಯರಾದರು, ಮತ್ತೊಂದು ದನಿ ಮಾಡದೆ.

ಒಂದು ಸಂಗತಿ ಮಾತ್ರ ಅವಳಿಗೆ ಕೊನೆಯವರೆಗೂ ರೂಢಿಯಾಗಲಿಲ್ಲ. ದರ ಹೇಳಿ, ಕಾರಣ ಹೇಳಿ, ಪೆಟ್ಟಿಗೆ ತೋರಿಸಿ ಮುಗಿಸಿದ ಮೇಲೂ ಕೆಲವರು ಕದಲದೆ ನಿಂತಿರುತ್ತಿದ್ದರು. ಲೇವಾದೇವಿ ಇದ್ದವರಲ್ಲ. ಕುಷ್ಟಗಿಯವರು, ಗಂಗಾವತಿಯವರು, ಯಾವ ಊರಿನವರೋ. ಅವಳನ್ನು ದಾಟಿ, ಮೊದಲು ಕಂಬಳಿ ತೂಗುತ್ತಿದ್ದ ಕಡೆ ಒಳಗೆ ನೋಡುತ್ತಿದ್ದರು.

"ಮುಗೀತ್ರಿ," ಎನ್ನುತ್ತಿದ್ದಳು. "ಎಲ್ಲಾ ಹೇಳೀನಿ."

"ಹೌದ್ರಿ," ಎನ್ನುತ್ತಿದ್ದರು. "ಮತ್ತೇನರ ಐತೇನ್ರಿ?"

"ಏನೂ ಇಲ್ಲ."

ಅವರು ಹೌದೆಂದು ತಲೆ ಆಡಿಸಿ ಮತ್ತೆ ನಿಲ್ಲುತ್ತಿದ್ದರು. ಬಿಸಿಲು ಕಟ್ಟೆ ಹತ್ತುತ್ತಿತ್ತು. ಕಡೆಗೆ ಅವಳೂ, ತಡೆಯಲಾರದೆ, ಅವರು ನೋಡುತ್ತಿದ್ದ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದಳು.